ಆಕ್ಸಿಜನ್ ಸೆನ್ಸರ್: ರಾಮನಗರ ಸೀಮೆಯ ಕಾರುಗಳಲ್ಲಿ ಪತ್ತೆ, ಪರೀಕ್ಷೆ, ಬದಲಾವಣೆ

ಕಾರಿನ ಎಂಜಿನ್ ಹೊರಬಿಡುವ ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕವನ್ನು ಅಳೆದು, ಅದನ್ನು ವಿದ್ಯುತ್ ಸಂಕೇತವಾಗಿ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಸಾಧನ ಆಕ್ಸಿಜನ್ ಸೆನ್ಸರ್. ಗ್ಯಾರೇಜುಗಳಲ್ಲಿ ಇದನ್ನು ಓ-ಟು ಸೆನ್ಸರ್ ಎನ್ನುತ್ತಾರೆ. ಬಿಡಿಭಾಗದ ಡಬ್ಬಿಯ ಮೇಲೆ ಲ್ಯಾಂಬ್ಡಾ ಸೆನ್ಸರ್ ಎಂದೂ ಬರೆದಿರುತ್ತದೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಯಲ್ಲಿ ತಿರುಪಿ ಕೂರಿಸಿರುವ ಈ ಬೆರಳುದ್ದದ ವಸ್ತು ಕೆಟ್ಟರೆ ಕಾರು ಕೂಡಲೇ ನಿಂತುಬಿಡುವುದಿಲ್ಲ. ಮೈಲೇಜ್ ಇಳಿಯುತ್ತದೆ, ಪಿಕಪ್ ಮಂದವಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಹಾಗೆಯೇ ತಿಂಗಳುಗಟ್ಟಲೆ ಓಡಿಸಿದರೆ ಹೊಗೆಯ ವಿಷಾನಿಲಗಳನ್ನು ಶುದ್ಧಿ ಮಾಡುವ, ಸೆನ್ಸರಿಗಿಂತ ಹಲವು ಪಟ್ಟು ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಇನ್ನೊಂದು ಬಗೆಯ ನಷ್ಟವೂ ಉಂಟು: ಚೆನ್ನಾಗಿರುವ ಸೆನ್ಸರನ್ನೇ ಕೆಟ್ಟಿದೆಯೆಂದು ಬಿಚ್ಚಿ ಎಸೆದು ಹೊಸದಕ್ಕೆ ಹಣ ಸುರಿಯುವುದು. ಈ ಎರಡನೆಯ ನಷ್ಟ ಪೂರ್ತಿಯಾಗಿ ತಪ್ಪಿಸಬಹುದಾದದ್ದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಇಲ್ಲಿನ ಗಾಡಿಗಳ ನೋಂದಣಿ ಸಂಖ್ಯೆ ಕೆಎ-42. ರೇಷ್ಮೆ ಗೂಡಿಗೂ ಚನ್ನಪಟ್ಟಣದ ಬೊಂಬೆಗೂ ಹೆಸರಾದ ಈ ಸೀಮೆ ಕಾರು ಹುಟ್ಟುವ ನೆಲವೂ ಹೌದು. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿಯ ಕಾರ್ಖಾನೆ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿದೆ. 1999ರ ಕೊನೆಗೆ ಅಲ್ಲಿ ತಯಾರಿಕೆ ಶುರುವಾಗಿ ಕ್ವಾಲಿಸ್ ಹೊರಬಂತು. 2005ರಲ್ಲಿ ಇನೋವಾ, 2010ರಲ್ಲಿ ಇಟಿಯೋಸ್ ಬಂದವು. ಕಂಪನಿ ಅಲ್ಲೇ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ರಾಜ್ಯದ ಹಳ್ಳಿಗಾಡಿನ ಮಕ್ಕಳಿಗೆ ಕಾರು ತಯಾರಿಕೆಯ ಕೆಲಸ ಕಲಿಸುತ್ತಿದೆ. ಆಕ್ಸಿಜನ್ ಸೆನ್ಸರನ್ನು ಮೊದಲು ಮಾರುಕಟ್ಟೆಗೆ ತಂದ ಜರ್ಮನಿಯ ಬಾಷ್ ಕಂಪನಿಯ ಕಾರ್ಖಾನೆಯೂ ಇದೇ ಬಿಡದಿಯಲ್ಲಿದೆ. ಹಳಬರು ಮೈಕೋ ಎಂದು ಕರೆಯುತ್ತಿದ್ದ ಬೆಂಗಳೂರಿನ ಆಡುಗೋಡಿಯ ಘಟಕದ ತಯಾರಿಕೆ ಕಳೆದ ದಶಕದಲ್ಲಿ ಇಲ್ಲಿಗೆ ಬಂತು.

ಹಿನ್ನೆಲೆ

ಬಿಸಿಯಾದ ಜಿರ್ಕೋನಿಯಾ ಪಿಂಗಾಣಿಯ ಮೂಲಕ ಆಮ್ಲಜನಕದ ಅಯಾನುಗಳು ಹರಿಯುತ್ತವೆ ಎಂಬ ತಿಳಿವಳಿಕೆಯ ಬೇರು ಜರ್ಮನಿಯ ವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ 19ನೇ ಶತಮಾನದ ಕೊನೆಯಲ್ಲಿ ಮಾಡಿದ ಕೆಲಸದಲ್ಲಿದೆ. ಅದು ಕಾರಿಗೆ ಬಂದದ್ದು 1976ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಾದ ಹೊಗೆ ನಿಯಮಕ್ಕಾಗಿ ಸ್ವೀಡನ್ನಿನ ವೋಲ್ವೋ ತನ್ನ 240 ಸರಣಿಯ ಕಾರಿಗೆ ಬಾಷ್ ತಯಾರಿಸಿದ ಲ್ಯಾಂಬ್ಡಾ ಸೆನ್ಸರನ್ನು ಅಳವಡಿಸಿತು. 1980ರ ದಶಕದ ಆರಂಭದಲ್ಲಿ ಒಳಗೇ ಹೀಟರ್ ಇರುವ ಸೆನ್ಸರ್ ಬಂತು.

ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು, ಜೊತೆಗೇ ಸೀಸವಿಲ್ಲದ ಪೆಟ್ರೋಲ್ ಬಂತು. ಸೀಸ ತಾಗಿದರೆ ಕನ್ವರ್ಟರೂ ಸೆನ್ಸರೂ ಎರಡೂ ಸಾಯುತ್ತವೆ. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತ ಮೇಲೆಯೇ ಈ ತಂತ್ರ ಹಳ್ಳಿ ಪೇಟೆಗಳಲ್ಲೂ ಬಾಳುವಂತಾಯಿತು. ಆ ಹೊತ್ತಿಗೆ ಕಾರ್ಬುರೇಟರ್ ಹಿಂದೆ ಸರಿದು ಇಂಜೆಕ್ಟರ್ ಎಂಜಿನ್‌ಗಳು ಮುಂದೆ ಬಂದಿದ್ದವು.

ಇಲ್ಲಿ ಈ ಸೀಮೆಯ ಮೆಕ್ಯಾನಿಕ್ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ಭಾರತ್ ಸ್ಟೇಜ್ 4 ಹೊಗೆ ನಿಯಮ ಬೆಂಗಳೂರಿಗೆ 2010ರಲ್ಲೇ ಬಂತು, ಉಳಿದ ಭಾಗಗಳಿಗೆ ಹಂತ ಹಂತವಾಗಿ ಬಂದು ದೇಶದಾದ್ಯಂತ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಒಂದೇ ಮಾದರಿಯ ಕಾರು ಬೆಂಗಳೂರಿಗೊಂದು ಬಗೆ, ಹೊರಗಿನ ಊರಿಗೊಂದು ಬಗೆಯಾಗಿ ಮಾರಾಟವಾಗಬಹುದಿತ್ತು. ಆ ಕಾಲದ ಹಳೆಯ ಕಾರುಗಳು ಇಂದು ಕನಕಪುರ, ಮಾಗಡಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿವೆ. ಒಂದರಲ್ಲಿ ಎರಡು ಸೆನ್ಸರ್ ಇದ್ದರೆ ಅದೇ ಹೆಸರಿನ ಇನ್ನೊಂದರಲ್ಲಿ ಒಂದೇ ಇರಬಹುದು. ಮಾದರಿ, ವರ್ಷ ಹೇಳಿ ಬಿಡಿಭಾಗ ತರಿಸುವುದು ಸಾಲದು. ಚಾಸಿಸ್ ನಂಬರ್ ಕೊಟ್ಟೇ ತರಿಸಬೇಕು. 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ಎಲ್ಲೆಡೆ ಒಟ್ಟಿಗೇ ಜಾರಿಯಾದ್ದರಿಂದ ಆ ನಂತರದ ಗಾಡಿಗಳಲ್ಲಿ ಈ ಗೊಂದಲವಿಲ್ಲ.

ಕೆಲಸ ಮಾಡುವ ಬಗೆ

1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಕನ್ವರ್ಟರ್ ವಿಷಾನಿಲಗಳನ್ನು ಚೆನ್ನಾಗಿ ಶುದ್ಧಿ ಮಾಡುವುದು ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ. ಸೆನ್ಸರಿನ ತುದಿಯಲ್ಲಿರುವ ಜಿರ್ಕೋನಿಯಾ ಪಿಂಗಾಣಿಯ ಎರಡು ಮೈಗೂ ಪ್ಲಾಟಿನಮ್ ಲೇಪವಿದೆ. ಒಂದು ಮೈ ಹೊಗೆಗೆ, ಇನ್ನೊಂದು ಹೊರಗಿನ ಗಾಳಿಗೆ ತೆರೆದಿರುತ್ತದೆ. ತುದಿ 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಎರಡು ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲ್ ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟ್, ಸಮ ಪ್ರಮಾಣದಲ್ಲಿ 0.45. ಕಂಪ್ಯೂಟರ್ ಇದನ್ನು ಓದುತ್ತಾ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಮುಂದಿನ ಸೆನ್ಸರಿನ, ಅಂದರೆ ಕನ್ವರ್ಟರಿಗಿಂತ ಮುಂಚೆ ಕೂತಿರುವುದರ, ವೋಲ್ಟೇಜ್ ಒಂದೆಡೆ ನಿಲ್ಲದೆ ಸದಾ ಮೇಲೆ ಕೆಳಗೆ ಆಡುತ್ತಿರುತ್ತದೆ.

ಟೊಯೋಟಾದ ಹಲವು ಮಾದರಿಗಳ ಮುಂದಿನ ಸ್ಥಾನದಲ್ಲಿ ಇದಕ್ಕಿಂತ ಸೂಕ್ಷ್ಮವಾದ, ಏರ್ ಫ್ಯೂಯೆಲ್ ರೇಶಿಯೋ ಸೆನ್ಸರ್ ಎಂಬ ಬಗೆ ಇರುತ್ತದೆ. ಅದು ಕೆಲಸ ಮಾಡುವುದು ವೋಲ್ಟೇಜಿನಿಂದಲ್ಲ, ಹರಿಯುವ ಕರೆಂಟಿನಿಂದ. ಮೇಲಿನ 0.1, 0.9ರ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರಿನಲ್ಲಿ 3.3 ವೋಲ್ಟಿನ ಆಸುಪಾಸು ಸ್ಥಿರವಾಗಿ ನಿಂತಿದ್ದನ್ನು ಕಂಡು ಸೆನ್ಸರ್ ಸತ್ತಿದೆ ಎಂದುಕೊಂಡರೆ ತಪ್ಪಾಗುತ್ತದೆ. ಎರಡರ ಕಪ್ಲರ್ ಒಂದೇ ಥರ ಕಂಡರೂ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು. ಹಳೆಯ ಕ್ವಾಲಿಸ್ ಡೀಸೆಲ್ ಗಾಡಿಯಲ್ಲಿ ಈ ಸೆನ್ಸರೇ ಇಲ್ಲ.

ಎಲ್ಲಿರುತ್ತದೆ

ಸ್ಕ್ಯಾನರ್ ಹೇಳುವ "ಬ್ಯಾಂಕ್ 1 ಸೆನ್ಸರ್ 1" ಎಂದರೆ ಒಂದನೇ ಸಿಲಿಂಡರ್ ಇರುವ ಸಾಲಿನಲ್ಲಿ, ಕನ್ವರ್ಟರಿಗಿಂತ ಮುಂಚೆ ಇರುವ ಸೆನ್ಸರ್. "ಸೆನ್ಸರ್ 2" ಕನ್ವರ್ಟರ್ ದಾಟಿದ ಮೇಲೆ ಇರುತ್ತದೆ. ಈ ಭಾಗದಲ್ಲಿ ಓಡಾಡುವ ಬಹುತೇಕ ಸಣ್ಣ ಕಾರುಗಳ ಎಂಜಿನ್ ಮೂರು ಅಥವಾ ನಾಲ್ಕು ಸಿಲಿಂಡರಿನ ಒಂದೇ ಸಾಲಿನದು, ಹಾಗಾಗಿ ಬ್ಯಾಂಕ್ 2 ಎಂಬುದೇ ಇರುವುದಿಲ್ಲ. ಬಾನೆಟ್ ತೆರೆದು ಎಂಜಿನ್ನಿನಿಂದ ಹೊಗೆ ಹೊರಡುವ ಮ್ಯಾನಿಫೋಲ್ಡನ್ನು ಹುಡುಕಿ, ಅದರ ಮೇಲಿನ ತಗಡಿನ ಹೀಟ್ ಶೀಲ್ಡ್ ಪಕ್ಕದಲ್ಲಿ ನಾಲ್ಕು ವೈರು ಹೊರಟ ಜಾಗ ನೋಡಿದರೆ ಮೊದಲನೆಯದು ಸಿಗುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಗಾಡಿಯ ಅಡಿಗೆ ಇಳಿಯಬೇಕು. ಮುಂದಿನದು ಪೆಟ್ರೋಲಿನ ಪ್ರಮಾಣ ನಿರ್ಧರಿಸಲು ಬೇಕು. ಹಿಂದಿನದರ ಮುಖ್ಯ ಕೆಲಸ ಕನ್ವರ್ಟರ್ ಸರಿಯಿದೆಯೇ ಎಂದು ಕಾಯುವುದು. ಮೈಲೇಜ್ ಬಿದ್ದಿದೆ ಎಂದು ಹಿಂದಿನದನ್ನು ಬದಲಿಸಿದರೆ ಸಾಮಾನ್ಯವಾಗಿ ಏನೂ ಪ್ರಯೋಜನವಿಲ್ಲ.

ಕೆಡುವ ಕಾರಣಗಳು

ಹೀಟರ್ ಇರುವ ಸೆನ್ಸರ್ ಒಳ್ಳೆಯ ಎಂಜಿನ್ನಿನಲ್ಲಿ ಸುಮಾರು 1.6 ಲಕ್ಷ ಕಿಲೋಮೀಟರ್ ಬಾಳುವಂಥದ್ದು. ಅದಕ್ಕೂ ಮುಂಚೆ ಕೆಟ್ಟರೆ ಕಾರಣ ಹುಡುಕಲೇಬೇಕು, ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ಆಯಿಲ್ ಸುಡುತ್ತಿದ್ದರೆ ತುದಿಗೆ ಕಂದು ಬೂದಿ ಮೆತ್ತುತ್ತದೆ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಸಿಲಿಂಡರಿಗಿಳಿದರೂ, ಯಾರೋ ಗ್ಯಾಸ್ಕೆಟ್ ಬದಲು ಸಿಕ್ಕ ಸಿಲಿಕೋನ್ ಅಂಟು ಬಳಿದು ಎಂಜಿನ್ ಮುಚ್ಚಿದ್ದರೂ ತುದಿ ಬೆಳ್ಳಗಾಗುತ್ತದೆ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾಗುತ್ತಿರುವುದರ ಗುರುತು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎಂಜಿನ್ ಪೂರ್ತಿ ಕಾಯುವ ಮುಂಚೆಯೇ ನಿಲ್ಲಿಸುವ ಕಾರುಗಳಲ್ಲೂ ಮಸಿ ಕಟ್ಟುತ್ತದೆ. ಬಿಚ್ಚಿದ ಹಳೆಯ ಸೆನ್ಸರನ್ನು ಗುಜರಿಗೆ ಎಸೆಯುವ ಮುಂಚೆ ಅದರ ತುದಿಯ ಬಣ್ಣ ನೋಡುವುದು ಒಳ್ಳೆಯ ಮೆಕ್ಯಾನಿಕ್ಕಿನ ಲಕ್ಷಣ.

ಹೊರಗಿನಿಂದ ಬೀಳುವ ಪೆಟ್ಟು ಬೇರೆ. ಕನಕಪುರ, ಮಾಗಡಿ ಕಡೆಯ ಕಲ್ಲುಗಣಿಗಳಿಗೆ ಹೋಗುವ ಕಚ್ಚಾ ದಾರಿಗಳಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಹಿಂದಿನ ಸೆನ್ಸರ್ ಜಖಂ ಆಗಬಹುದು. ತೋಟದ ಮನೆಯ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿಯುತ್ತದೆ; ಸೆನ್ಸರ್ ಸರಿಯಿದ್ದರೂ ಸ್ಕ್ಯಾನರಿನಲ್ಲಿ ಸೆನ್ಸರಿನದೇ ಕೋಡ್ ಬರುತ್ತದೆ. ನೀರು ಮತ್ತೊಂದು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯ ಕೆಳಸೇತುವೆಯಲ್ಲಿ ನೀರು ತುಂಬಿ ಕಾರು, ಬಸ್ಸುಗಳು ಮುಳುಗಿದ್ದವು. ಅಂಥ ನೀರಿಗಿಳಿದ ಕಾರಿನಲ್ಲಿ ಕೆಂಪಗೆ ಕಾದ ಪಿಂಗಾಣಿಗೆ ತಣ್ಣೀರು ತಾಗಿದರೆ ಅದು ಸೀಳುತ್ತದೆ. ಆಗಲೇ ಸೀಳದಿದ್ದರೂ ಕಪ್ಲರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ತಿಂಗಳುಗಳ ಮೇಲೆ ದೋಷ ಕಾಣಿಸಿಕೊಳ್ಳುವುದುಂಟು.

ಪರೀಕ್ಷೆ

ಸ್ಕ್ಯಾನರಿನ ಕೋಡುಗಳಲ್ಲಿ ಪಿ0130ರಿಂದ ಪಿ0135 ಮುಂದಿನ ಸೆನ್ಸರಿನವು, ಪಿ0136ರಿಂದ ಪಿ0141 ಹಿಂದಿನವು. ಪಿ0135 ಎಂದರೆ ಮುಂದಿನದರ ಹೀಟರ್ ಸರ್ಕ್ಯೂಟಿನಲ್ಲಿ ದೋಷ, ಪಿ0133 ಎಂದರೆ ಅದು ನಿಧಾನವಾಗಿದೆ. ಆದರೆ ಪಿ0171 ಬಂದರೆ ಅದು ಸೆನ್ಸರಿನ ದೂರಲ್ಲ. ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಸಾಲದಾಗಿದೆ ಎಂದು ಅದು ಹೇಳುತ್ತಿದೆ. ಪಿ0172 ಅದರ ಉಲ್ಟಾ. ಇಂಥ ಕೋಡ್ ಕಂಡು ಸೆನ್ಸರ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಪಿ0171 ಬಂದಾಗ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಫ್ಯೂಯೆಲ್ ಟ್ರಿಮ್ ನೋಡಬೇಕು. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದರ ಲೆಕ್ಕ ಅದು. ಐಡ್ಲಿಂಗಿನಲ್ಲಿ ಶೇ. 20ರಷ್ಟಿದ್ದು, 2500 ಆರ್‌ಪಿಎಮ್‌ಗೆ ಏರಿಸಿದಾಗ ಇಳಿದರೆ ಎಲ್ಲೋ ರಬ್ಬರ್ ಪೈಪ್ ಸೀಳಿ ಕಳ್ಳಗಾಳಿ ಒಳಹೋಗುತ್ತಿದೆ. ಐಡ್ಲಿಂಗಿನಲ್ಲಿ ಸರಿಯಿದ್ದು ಏರು ಹತ್ತುವಾಗ ಹೆಚ್ಚಾದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೂ ಸೆನ್ಸರಿಗೆ ಹೊರಗಿನ ಗಾಳಿ ಸೋಕಿ ಸುಳ್ಳು ಲೆಕ್ಕ ಹೋಗುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಕೇಳುವ ಟಿಕ್ ಟಿಕ್ ಸದ್ದು, ಜೋಡಣೆಯ ಬಳಿ ಮಸಿಯ ಗೆರೆ, ಇವೇ ಅದರ ಸುಳಿವು. ಒಂದು ಸಿಲಿಂಡರ್ ಮಿಸ್ಸಿಂಗ್ ಆದರೂ ಉರಿಯದ ಗಾಳಿ ಹಾಗೇ ಹೊರಬಂದು ಇದೇ ಕಥೆಯಾಗುತ್ತದೆ.

ಇ20 ಪೆಟ್ರೋಲ್ ಬಂದ ಮೇಲೆ ಈ ಲೆಕ್ಕಕ್ಕೆ ಹೊಸ ತಿರುವು ಸೇರಿದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ 1 ಕಿಲೋಗೆ ಸುಮಾರು 9 ಕಿಲೋ ಗಾಳಿ ಸಾಕು. ಇ20ಗೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಬರೀ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರಿನಲ್ಲಿ ಕಂಪ್ಯೂಟರ್ ಶೇ. 8ರ ಆಸುಪಾಸು ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಫ್ಯೂಯೆಲ್ ಟ್ರಿಮ್ ಅಷ್ಟು ಏರಿದ್ದರೆ ಅದು ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತೇ ಹೊರತು ಕೆಟ್ಟಿದ್ದರ ಗುರುತಲ್ಲ. ಮೈಲೇಜ್ ಸ್ವಲ್ಪ ಇಳಿದದ್ದಕ್ಕೂ ಇದೇ ವಿವರಣೆ ಸಾಕಾಗಬಹುದು. ಇದನ್ನು ಗಿರಾಕಿಗೆ ಬಿಡಿಸಿ ಹೇಳದೆ ಹೊಸ ಸೆನ್ಸರಿನ ಬಿಲ್ಲು ಕೊಡುವುದು ಅನ್ಯಾಯ.

ಸೆನ್ಸರಿನ ಮೇಲೇ ಅನುಮಾನ ನಿಂತರೆ ಮಲ್ಟಿಮೀಟರ್ ಸಾಕು. ಎಂಜಿನ್ ತಣ್ಣಗಿದ್ದಾಗ ಕಪ್ಲರ್ ಬಿಚ್ಚಿ, ಒಂದೇ ಬಣ್ಣದ ಎರಡು ವೈರುಗಳ ನಡುವೆ ಓಮ್ ಅಳೆಯಬೇಕು. ನಾಲ್ಕು ವೈರಿನ ಸೆನ್ಸರಿನಲ್ಲಿ ಸಾಮಾನ್ಯವಾಗಿ ಅವೇ ಹೀಟರಿನವು. 5ರಿಂದ 15 ಓಮ್ ವ್ಯಾಪ್ತಿಯಲ್ಲಿ ಬಂದರೆ ಹೀಟರ್ ಬದುಕಿದೆ; ಖಚಿತ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಹೀಟರ್ ಸರಿಯಿದ್ದೂ ಪಿ0135 ಹೋಗದಿದ್ದರೆ ಫ್ಯೂಸ್ ಮತ್ತು ಗಾಡಿಯ ಕಡೆಯ ಕಪ್ಲರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಸಿಗ್ನಲ್ ವೈರಿಗೆ ಮಾತ್ರ ಎಂದೂ ಓಮ್ ಮೀಟರ್ ಹಚ್ಚಬಾರದು.

ಎರಡನೇ ಹಂತಕ್ಕೆ ಎಂಜಿನ್ ಚೆನ್ನಾಗಿ ಕಾದಿರಬೇಕು. ಜಿರ್ಕೋನಿಯಾ ಬಗೆಯ ಮುಂದಿನ ಸೆನ್ಸರಿನ ವೋಲ್ಟೇಜ್ 2500 ಆರ್‌ಪಿಎಮ್‌ನಲ್ಲಿ 10 ಸೆಕೆಂಡಿನೊಳಗೆ ಹಲವು ಸಲ 0.45ರ ಗೆರೆ ದಾಟಿ ಏರಿಳಿಯಬೇಕು. ಆಕ್ಸಿಲರೇಟರನ್ನು ಒಮ್ಮೆ ಝಾಡಿಸಿ ಒತ್ತಿದರೆ 0.8ರ ಮೇಲಕ್ಕೆ ಹಾರಬೇಕು. ಕಾಲು ತೆಗೆದ ಕೂಡಲೇ, ಇಂಜೆಕ್ಟರ್ ಮುಚ್ಚಿ ಬರೀ ಗಾಳಿ ಹರಿಯುವುದರಿಂದ, ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಎರಡೂ ಕಡೆಗೆ ಚುರುಕಾಗಿ ಓಡಿದರೆ ಸೆನ್ಸರ್ ಸರಿಯಿದೆ, ದೋಷ ಬೇರೆ ಕಡೆ ಇದೆ. ಎಳೆದಂತೆ ನಿಧಾನವಾಗಿ ಏರಿದರೆ, ಅಥವಾ 0.45ರಲ್ಲೇ ಕೂತಿದ್ದರೆ, ಬದಲಾಯಿಸುವ ಕಾಲ ಬಂದಿದೆ. ಹಿಂದಿನ ಸೆನ್ಸರ್ ಇದಕ್ಕೆ ತದ್ವಿರುದ್ಧ: ಕನ್ವರ್ಟರ್ ಆರೋಗ್ಯವಾಗಿದ್ದರೆ 0.6, 0.7ರ ಸುತ್ತ ಸ್ಥಿರವಾಗಿರುತ್ತದೆ.

ಬದಲಾವಣೆ

ಸೆನ್ಸರಿನ ತಿರುಪು ಸಾಮಾನ್ಯವಾಗಿ 18 ಮಿಲಿಮೀಟರ್ ಅಗಲದ್ದು, ಹಿಡಿಯುವ ಪಾನಾ 22 ನಂಬರಿನದು. ವೈರು ಹೊರಬರಲು ಪಕ್ಕದಲ್ಲಿ ಸೀಳು ಬಿಟ್ಟ ಸಾಕೆಟ್ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ತರಲು ಹೋದಾಗ ಅದನ್ನೂ ತರುವುದು ವಾಸಿ. ರಿಂಗ್ ಪಾನಾ ಸಿಗದೆ ಬಾಯಿ ಪಾನಾದಲ್ಲಿ ಜಗ್ಗಿದರೆ ಷಟ್ಕೋನದ ಮೂಲೆ ಸವೆದು ಕೆಲಸ ಕೆಡುತ್ತದೆ.

ಅಡಿಯಿಂದ ಕೆಲಸವಿದ್ದರೆ ಬರೀ ಜಾಕಿ ನಂಬಿ ಒಳಗೆ ನುಸುಳಬಾರದು. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲು ಒತ್ತಿರಬೇಕು. ತುಕ್ಕು ಹಿಡಿದು ಬಿಗಿದ ತಿರುಪಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ನೆನೆಯಲು ಬಿಡಬೇಕು, ಸಾಧ್ಯವಾದರೆ ಹಿಂದಿನ ರಾತ್ರಿಯೇ. ಎಂಜಿನ್ ಒಂದೆರಡು ನಿಮಿಷ ಓಡಿಸಿ ಕೊಳವೆ ಉಗುರುಬೆಚ್ಚಗಾದಾಗ ಲೋಹ ಹಿಗ್ಗಿ ತಿರುಪು ಸುಲಭವಾಗಿ ಬಿಡುತ್ತದೆ. ಓಡಿ ಬಂದ ಕೂಡಲೇ ಕೈ ಹಾಕಿದರೆ ಚರ್ಮ ಸುಟ್ಟುಹೋಗುತ್ತದೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮೊದಲು ಕಪ್ಲರಿನ ಲಾಕ್ ಒತ್ತಿ ಬಿಡಿಸಬೇಕು, ವೈರು ಹಿಡಿದು ಎಳೆಯಬಾರದು. ತಿರುಪು ಕಾಲು ಸುತ್ತು ಬಿಟ್ಟು ಮತ್ತೆ ಬಿಗಿಯಾದರೆ ಬಲ ಹಾಕದೆ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಆಡಿಸುತ್ತಾ, ಮತ್ತಷ್ಟು ಎಣ್ಣೆ ಬಿಡುತ್ತಾ ತೆಗೆಯಬೇಕು. ಇಲ್ಲಿ ಆತುರಪಟ್ಟರೆ ಕೊಳವೆಯ ಥ್ರೆಡ್ಡೇ ಕಿತ್ತು ಬರುತ್ತದೆ, ಸೆನ್ಸರಿನ ಕೆಲಸ ಮ್ಯಾನಿಫೋಲ್ಡಿನ ಕೆಲಸವಾಗುತ್ತದೆ.

ಹೊಸದರ ತುದಿಯನ್ನು ಮುಟ್ಟಬಾರದು, ಕೆಳಗೆ ಬೀಳಿಸಬಾರದು; ಒಳಗಿನ ಪಿಂಗಾಣಿ ಒಡೆದರೆ ಹೊರಗೆ ಗೊತ್ತಾಗುವುದಿಲ್ಲ. ಥ್ರೆಡ್ಡಿಗೆ ಶಾಖ ತಡೆಯುವ ಆಂಟಿ ಸೀಜ್ ಲೇಪ ಹಲವು ಸೆನ್ಸರುಗಳಲ್ಲಿ ಮೊದಲೇ ಇರುತ್ತದೆ. ಇಲ್ಲದಿದ್ದರೆ ಥ್ರೆಡ್ಡಿಗೆ ಮಾತ್ರ ತೆಳ್ಳಗೆ ಸವರಬೇಕು, ತುದಿಗೆ ತಾಗಬಾರದು. ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ 40ರಿಂದ 50 ನ್ಯೂಟನ್ ಮೀಟರ್ ಬಿಗಿತಕ್ಕೆ ತರಬೇಕು. ವೈರು ಬಿಸಿ ಕೊಳವೆಗೆ ತಾಗದಂತೆ ಹಳೆಯ ಕ್ಲಿಪ್ಪಿಗೇ ಸಿಕ್ಕಿಸಬೇಕು. ಹಳೆಯ ಕಪ್ಲರನ್ನು ಕತ್ತರಿಸಿ ಹೊಸ ವೈರಿಗೆ ಬೆಸುಗೆ ಹಾಕುವ ಅಗ್ಗದ ದಾರಿಯನ್ನು ಹಿಡಿಯದಿರುವುದೇ ಸರಿ: ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ. ಬಾಷ್, ಡೆನ್ಸೋ, ಎನ್‌ಟಿಕೆ ಕಂಪನಿಗಳ ಸೆನ್ಸರುಗಳೇ ಬಹುತೇಕ ಹೊಸ ಕಾರುಗಳಲ್ಲೂ ಇರುವುದು. ಗಾಡಿಗೆ ಹೊಂದುವ ಕಪ್ಲರಿನ ಸಮೇತ ಅವು ಸಿಗುತ್ತವೆ.

ಮೊಪೆಡ್, ಬೈಕುಗಳಲ್ಲಿ

2020ರ ನಂತರ ಈ ಸೆನ್ಸರ್ ದ್ವಿಚಕ್ರ ವಾಹನಗಳಲ್ಲೂ ಸಾಮಾನ್ಯವಾಗಿದೆ. ರಾಮನಗರದ ಮಾರುಕಟ್ಟೆಗೆ ಗೂಡಿನ ಮೂಟೆ ಹೇರಿಕೊಂಡು ಬರುವ ಟಿವಿಎಸ್ ಎಕ್ಸ್‌ಎಲ್ 100 ಮೊಪೆಡ್ಡೂ ಭಾರತ್ ಸ್ಟೇಜ್ 6ರಲ್ಲಿ ಕಾರ್ಬುರೇಟರ್ ಬಿಟ್ಟು ಇಂಜೆಕ್ಟರಿಗೆ ಬಂತು. ತತ್ವ ಒಂದೇ, ಗಾತ್ರ ಚಿಕ್ಕದು. ತೊಳೆಯುವಾಗ ಬಿಸಿ ಸೈಲೆನ್ಸರಿಗೆ ಪ್ರೆಶರ್ ನೀರು ಹೊಡೆಯದಿರುವುದು ಇಲ್ಲಿ ಮುಖ್ಯ.

ಬದಲಿಸಿದ ನಂತರ

ಕೋಡ್ ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬ್ಯಾಟರಿ ಬಿಚ್ಚಿದ್ದರಿಂದ ಕಂಪ್ಯೂಟರ್ ಕಲಿತ ಲೆಕ್ಕವೂ ಅಳಿಸಿರಬಹುದು. ಊರೊಳಗೂ ಹೆದ್ದಾರಿಯಲ್ಲೂ ಒಂದಷ್ಟು ಓಡಿಸಿ ಮತ್ತೆ ಲೈವ್ ಡೇಟಾ ನೋಡಬೇಕು. ಇನ್ನೊಂದು ಖಚಿತ ಪರೀಕ್ಷೆ ಬಂಕಿನ ಎಮಿಷನ್ ಟೆಸ್ಟ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ಭಾರತ್ ಸ್ಟೇಜ್ 4 ಮತ್ತು ನಂತರದ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3 ಮೀರಬಾರದು, 2500 ಆರ್‌ಪಿಎಮ್ ಆಸುಪಾಸಿನಲ್ಲಿ ಶೇ. 0.2 ಮೀರಬಾರದು, ಲ್ಯಾಂಬ್ಡಾ (ಇರುವ ಗಾಳಿಗೂ ಪೂರ್ತಿ ಉರಿಯಲು ಬೇಕಾದ ಗಾಳಿಗೂ ಇರುವ ಅನುಪಾತ) 0.97ರಿಂದ 1.03ರ ಒಳಗಿರಬೇಕು. ಚೀಟಿ ಕೈಗೆ ಬಂದಾಗ ಪಾಸ್ ಎಂಬ ಮಾತಿಗಿಂತ ಲ್ಯಾಂಬ್ಡಾದ ಅಂಕಿ ನೋಡುವುದು ಮೇಲು. ಅದು 1.03 ದಾಟಿದ್ದರೆ ಕೊಳವೆಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ, ಮೊದಲು ಹೊಸ ಸೆನ್ಸರಿನ ತಿರುಪು ಬಿಗಿಯಾಗಿದೆಯೇ ಎಂದು ನೋಡಿ, ಆಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಿಂದ ಹುಡುಕುತ್ತಾ ಹೋಗಬೇಕು.